ಒಂದು ಹಿಡಿ ಪಟಿಕ

9 ಜೂನ್

ಅಣ್ಣನಿಗೆ,

ಈ ಕಾಗದವನ್ನು ನಿಂತುಕೊಂಡು ಓದಬೇಡ, ಕೂತು ಓದು. ಅತ್ತಿಗೆ ಹತ್ತಿರದಲ್ಲಿದ್ದರೆ ಇನ್ನೂ ಒಳ್ಳೆಯದು.

ನಾನು ಲ್ಯಾಬ್ ಬಿಟ್ಟೆ. ಜಗಳವಾಡಿ ಬಿಟ್ಟದ್ದಲ್ಲ, ಯಾರೂ ಓಡಿಸಿಯೂ ಇಲ್ಲ. ಮೂರು ವರ್ಷದಿಂದ ಅಲ್ಯೂಮಿನಿಯಂನ ಒಂದೇ ಒಂದು ಉಪ್ಪನ್ನು ನೀರಿಗೆ ಹಾಕುವುದು, ಅದು ಅಲ್ಲಿ ಏನು ಮಾಡುತ್ತದೆ ಎಂದು ಅಳೆದು ಬರೆಯುವುದು, ಮತ್ತೆ ಹಾಕುವುದು. ಪಕ್ಕದ ಕೋಣೆಯವನು ಅದೇ ಉಪ್ಪನ್ನು ಕುಲುಮೆಯಲ್ಲಿಟ್ಟು ಕಾಯಿಸುತ್ತಾನೆ. ಅವನ ಕೆಲಸ ನನಗೆ ಅರ್ಥವಾಗುವುದಿಲ್ಲ, ನನ್ನದು ಅವನಿಗೆ ಆಗುವುದಿಲ್ಲ. ಮಧ್ಯಾಹ್ನ ಒಂದೇ ಬೆಂಚಿನ ಮೇಲೆ ಕೂತು ಊಟ ಮಾಡುತ್ತೇವೆ, ಸೆಖೆ ಜಾಸ್ತಿಯಾಯಿತು ಎಂದು ಮಾತಾಡಿಕೊಳ್ಳುತ್ತೇವೆ.

ಕಳೆದ ತಿಂಗಳು ಇಲ್ಲಿನ ದಾಖಲೆ ಭವನಕ್ಕೆ ಯಾವುದೋ ಕೆಲಸಕ್ಕೆ ಹೋಗಿದ್ದೆ. ಅಲ್ಲಿ ಹಾಳಾದ ಪುಸ್ತಕಗಳನ್ನು ಸರಿಮಾಡುವ ಒಂದು ಕೋಣೆ ಇದೆ. ಒಂದು ಗೋಡೆಯ ಉದ್ದಕ್ಕೂ ಗಾಜಿನ ಸೀಸೆಗಳು, ಸೂಕ್ಷ್ಮದರ್ಶಕ. ಎದುರು ಗೋಡೆಗೆ ಹೊಲಿಗೆಯ ಚೌಕಟ್ಟು, ದಬ್ಬಳ, ಮೇಣದ ದಾರ, ಕಬ್ಬಿಣದ ಪ್ರೆಸ್ಸು. ಬಾಗಿಲಲ್ಲೇ ನಿಂತುಬಿಟ್ಟೆ. ನಮ್ಮ ಬೈಂಡಿಂಗ್ ಅಂಗಡಿಯನ್ನೂ ನನ್ನ ಲ್ಯಾಬನ್ನೂ ಯಾರೋ ತಂದು ಎದುರುಬದುರು ಇಟ್ಟಹಾಗಿತ್ತು. ಅಲ್ಲೇ ಎರಡು ವರ್ಷದ ಕೋರ್ಸ್ ಇದೆ, ಅರ್ಧ ದಿನ ರಸಾಯನಶಾಸ್ತ್ರ, ಅರ್ಧ ದಿನ ಬೈಂಡಿಂಗ್. ಅರ್ಜಿ ಹಾಕಿದೆ, ಸೀಟು ಸಿಕ್ಕಿತು. ಮುಂದಿನ ತಿಂಗಳು ಶುರು.

ನನ್ನ ಗೈಡ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇನ್ನೆರಡು ವರ್ಷ ತಾಳಿದ್ದಿದ್ರೆ, ಈ ಉಪ್ಪಿನ ವಿಷಯದಲ್ಲಿ ನಿನ್ನನ್ನ ಕೇಳದೆ ಯಾರೂ ಒಂದು ಸಾಲು ಬರೆಯೋ ಹಾಗಿರಲಿಲ್ಲ. ಈಗ ನೋಡು, ಅಲ್ಲೂ ಅರ್ಧ, ಇಲ್ಲೂ ಅರ್ಧ" ಅಂದರು. ಕೋಪದಲ್ಲಿ ಅಂದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಬೇಜಾರಿನಲ್ಲಿ ಅಂದರು, ನಾನು ಎದ್ದು ಬಂದೆ.

ಅಪ್ಪ ಅಮ್ಮ ಹೋದಾಗ ನನಗೆ ನಾಲ್ಕು, ನಿನಗೆ ಹತ್ತೊಂಬತ್ತು. ಅಂದಿನಿಂದ ಬೈಂಡಿಂಗ್ ಅಂಗಡಿಯಲ್ಲಿ ಮೊಣಕೈವರೆಗೆ ಅಂಟು ಮೆತ್ತಿಕೊಂಡು ನನ್ನನ್ನು ಓದಿಸಿದವನು ನೀನು. ನಿನ್ನನ್ನು ಮೊದಲು ಕೇಳಬೇಕಿತ್ತು. ಬೇಡ ಅನ್ನುತ್ತೀಯ ಎಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಬೈಯುವುದಿದ್ದರೆ ಬಾಕಿ ಇಟ್ಟುಕೊಳ್ಳದೆ ಬೈದು ಬರೆ.

ನಿನ್ನ
ತಂಗಿ

*

20 ಜೂನ್

ಯಾಕಮ್ಮನಿಗೆ,

ಕೂತೇ ಓದಿದೆ. ಎದ್ದೇಳಲು ಸ್ವಲ್ಪ ಹೊತ್ತು ಹಿಡಿಯಿತು.

ಯಾಕಮ್ಮ ಎಂದು ನಿನಗೆ ಹೆಸರಿಟ್ಟವನು ನಾನೇ. ನೀನು ಅಂಗಡಿಯ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂತು, ದಾರಕ್ಕೆ ಮೇಣ ಯಾಕೆ, ಪುಸ್ತಕದ ಬೆನ್ನಿಗೆ ಬಟ್ಟೆ ಯಾಕೆ, ಅಂಟಿಗೆ ಪಟಿಕ ಯಾಕೆ ಎಂದು ಪ್ರಾಣ ಹಿಂಡುತ್ತಿದ್ದೆ. ಸುಮ್ಮನಿರು ಎಂದು ನಾನು ಗದರುತ್ತಿದ್ದೆ, ನೆನಪಿರಬೇಕು. ನಿಜ ಹೇಳಬೇಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ನನ್ನ ಮೇಸ್ತ್ರಿ ಹಾಗೆ ಮಾಡುತ್ತಿದ್ದರು, ನಾನೂ ಮಾಡಿದೆ. ಉತ್ತರ ಗೊತ್ತಿರುವವರ ಮಧ್ಯೆ ಇವಳು ಬೆಳೆಯಲಿ ಎಂದು ನಿನ್ನನ್ನು ದೂರ ಕಳಿಸಿದೆ. ನೀನು ಊರೆಲ್ಲ ಸುತ್ತಿ ಮತ್ತೆ ಅದೇ ಸ್ಟೂಲಿಗೆ ಬಂದು ಕೂತಿದ್ದೀಯ.

ಎದುರಂಗಡಿಯ ದರ್ಜಿ ನಿನ್ನೆ ತಾನೇ, "ತಂಗೀದು ಡಾಕ್ಟರೇಟು ಎಲ್ಲಿಗೆ ಬಂತು?" ಎಂದು ಕೇಳಿದ. "ಮುಗೀತಾ ಬಂತು" ಅಂದೆ. ಅವನು ಪಾಪ, ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಸಂತೋಷಪಟ್ಟ. ನಲವತ್ತು ದಾಟಿದವನ ಬಾಯಲ್ಲಿ ಸುಳ್ಳು ಹೇಳಿಸಿದೆ ನೀನು.

ನಿನ್ನ ಕೈಗೆ ಅಂಟು ತಾಗಬಾರದು ಎಂದೇ ಇಷ್ಟು ವರ್ಷ ನಾನು ಅಂಟು ಕಲಸಿದ್ದು. ಒಂದನ್ನು ಹಿಡಿದು ಅದರ ಬುಡ ಕಾಣುವವರೆಗೆ ಹೋಗುವ ತಾಳ್ಮೆ ನಿನಗಿಲ್ಲ. ಈಗ ಅತ್ತ ವಿಜ್ಞಾನಿಯೂ ಅಲ್ಲ, ಇತ್ತ ಬೈಂಡರೂ ಅಲ್ಲ, ಶುದ್ಧ ಎಡಬಿಡಂಗಿ. ಇನ್ನು ನನಗೆ ಬರೆಯುವುದು ಬೇಡ.

ಅಣ್ಣ

*

2 ಸೆಪ್ಟೆಂಬರ್

ಅಣ್ಣನಿಗೆ,

ಬರೆಯಬೇಡ ಅಂದೆ, ಆದರೂ ಇದು ಮೂರನೆಯ ಕಾಗದ. ಮೊದಲಿನೆರಡಕ್ಕೆ ಉತ್ತರ ಬರಲಿಲ್ಲ. ಇದಕ್ಕೂ ಬರದಿರಬಹುದು.

ನಮ್ಮ ತರಗತಿಯಲ್ಲಿ ಒಂಬತ್ತು ಜನ. ಒಬ್ಬರು ಬಣ್ಣದ ಕಾರ್ಖಾನೆಯಲ್ಲಿದ್ದವರು, ಇನ್ನೊಬ್ಬಳು ಚಿತ್ರ ಬರೆಯುವವಳು, ಒಬ್ಬ ವಕೀಲಿಕೆ ಬಿಟ್ಟು ಬಂದವನು. ಎಲ್ಲರೂ ಒಂದೊಂದು ಕಡೆಯಿಂದ ಜಾರಿ ಇಲ್ಲಿ ಬಿದ್ದವರೇ. ಬೆಳಿಗ್ಗೆ ರಾಸಾಯನಿಕದ ಸೂತ್ರ ಬರೆಯುವಾಗ ನಾನು ಮುಂದು, ಚಿತ್ರದವಳು ನನ್ನದನ್ನು ನೋಡಿ ಬರೆಯುತ್ತಾಳೆ. ಮಧ್ಯಾಹ್ನ ಹೊಲಿಗೆಗೂ ನಾನೇ ಮುಂದು. "ಎಲ್ಲಿ ಕಲಿತಿರಿ?" ಎಂದು ಕೇಳಿದರು. "ಮನೆಯಲ್ಲಿ" ಅಂದೆ. ನೀನು ಎಡಗೈಯವನಲ್ಲವೇ, ನೋಡಿ ನೋಡಿ ಕಲಿತ ನನಗೂ ದಾರ ಎಡಗಡೆಯಿಂದಲೇ ಬರುತ್ತದೆ. ತಿದ್ದಿಕೊಳ್ಳಬೇಕಂತೆ.

ಈ ವಾರ ಒಬ್ಬೊಬ್ಬರೂ ತಮಗೆ ಗೊತ್ತಿರುವ ಅಂಟು ಮಾಡಿ ತೋರಿಸಬೇಕಿತ್ತು. ನಾನು ನಿನ್ನದನ್ನೇ ಮಾಡಿದೆ. ಮೈದಾ, ನೀರು, ಒಂದು ಹಿಡಿ ಪಟಿಕ. ಗಂಟಿಲ್ಲದೆ, ನುಣ್ಣಗೆ, ಬುರುಸಿನಿಂದ ಎಳೆಯಾಗಿ ಇಳಿಯುವಂತೆ ಬಂತು. ನೀನಿದ್ದಿದ್ದರೆ ತಲೆ ಅಲ್ಲಾಡಿಸುತ್ತಿದ್ದೆ. ನಮ್ಮ ಮೇಡಂ ನನ್ನ ಬಟ್ಟಲಿನ ಮುಂದೆ ಬಹಳ ಹೊತ್ತು ನಿಂತರು. "ಪಟಿಕ ಎಷ್ಟು ಹಾಕಿದ್ರಿ?" ಎಂದು ಕೇಳಿದರು. ಹೇಳಿದೆ. ಒಂದು ನೀಲಿ ಲಿಟ್ಮಸ್ ಕಾಗದ ತಂದು ಅದರಲ್ಲಿ ಅದ್ದಿದರು.

ಅದರ ವಿಷಯ ಮುಂದಿನ ಕಾಗದದಲ್ಲಿ ಬರೆಯುತ್ತೇನೆ. ಬಸ್ಸಿಗೆ ಹೊತ್ತಾಯಿತು.

ತಂಗಿ

*

15 ಜನವರಿ

ಪ್ರೀತಿಯ ನಾದಿನಿಗೆ,

ನಿಮ್ಮಣ್ಣ ನಿನ್ನ ಕಾಗದ ಓದುವುದಿಲ್ಲವಂತೆ. ಪೋಸ್ಟ್ ಬಂದ ದಿನ ಮಾತ್ರ ಕನ್ನಡಕ ಎರಡು ಸಲ ಒರೆಸಿಕೊಳ್ಳುತ್ತಾರೆ. ಲಕೋಟೆಯನ್ನು ಕತ್ತಿ ಹಾಕಿ ಎಷ್ಟು ನಾಜೂಕಾಗಿ ಬಿಡಿಸಿ, ಮತ್ತೆ ಅಂಟಿಸಿ ನನ್ನ ಕೈಗೆ ಕೊಡುತ್ತಾರೆಂದರೆ, ಇಪ್ಪತ್ತು ವರ್ಷ ಬೈಂಡರ್ ಜೊತೆ ಬಾಳಿದವಳಿಗಲ್ಲದೆ ಬೇರೆಯವರಿಗೆ ಗೊತ್ತಾಗದು. "ಏನ್ರೀ, ಏನು ಬರೆದಿದ್ದಾಳೆ?" ಎಂದು ಕೇಳಿದೆ. "ನಂಗೇನು ಗೊತ್ತು? ನೀನೇ ಓದ್ಕೋ" ಅಂದರು. ಆಮೇಲೆ, "ಬಲಗಡೆಯಿಂದ ಹೊಲಿಯೋದಂತೆ, ತಿದ್ಕೋಬೇಕಂತೆ!" ಎಂದು ತಮಗೆ ತಾವೇ ಗೊಣಗಿಕೊಂಡರು.

ಈಗ ಅವರಿಗೆ ಬಿಡುವಿಲ್ಲದ ಕೆಲಸ. ಊರಿನ ವಾಚನಾಲಯದಲ್ಲಿ ಅವರೇ ಕಟ್ಟಿದ ವಾರಪತ್ರಿಕೆಗಳ ಸಂಪುಟಗಳಿವೆಯಲ್ಲ, ಮುನ್ನೂರು ಚಿಲ್ಲರೆ, ಅವುಗಳಲ್ಲಿ ಹಳೆಯವುಗಳ ಹಾಳೆ ಕಂದುತ್ತಿದೆಯಂತೆ. ಇವರು ಒಂದೊಂದಾಗಿ ತಂದು ಹಾಳೆಗಳಿಗೆ ಪಟಿಕದ ನೀರು ಸವರಿ ಗಟ್ಟಿ ಮಾಡುತ್ತಿದ್ದಾರೆ. ಅಂಟಿಗೂ ಹಿಡಿಯ ಜಾಗದಲ್ಲಿ ಒಂದೂವರೆ ಹಿಡಿ. "ಮೇಸ್ತ್ರಿ ಚಿಟಿಕೆ ಹಾಕ್ತಿದ್ರು, ನಾನು ಹಿಡಿ ಹಾಕ್ದೆ, ನನ್ನ ಒಂದು ಪುಸ್ತಕಕ್ಕಾದ್ರೂ ಹುಳ ಬಿದ್ದಿದೆಯಾ ತೋರ್ಸು" ಎಂದು ವಾಚನಾಲಯದ ಮೇಡಂಗೆ ಸವಾಲು ಹಾಕಿದ್ದಾರೆ. ಅಂಗಡಿ ತುಂಬ ಆ ಬಿಳಿ ಕಲ್ಲು. ಕ್ಷೌರದಂಗಡಿಯವನು, "ಗಲ್ಲಕ್ಕೆ ಉಜ್ಜೋಕೆ ನನಗೂ ಸ್ವಲ್ಪ ಉಳಿಸ್ರಪ್ಪ" ಎಂದು ನಗುತ್ತಾನೆ.

ನೀನು ಬರೆಯುವುದನ್ನು ನಿಲ್ಲಿಸಬೇಡ. ಅವರದು ಹಟ, ಕರಗುತ್ತದೆ.

ನಿನ್ನ
ಅತ್ತಿಗೆ

*

28 ಜನವರಿ

ಅಣ್ಣನಿಗೆ,

ಅತ್ತಿಗೆಯ ಕಾಗದ ಬಂತು. ಒಂದು ಮಾತು ಹೇಳಬೇಕಿತ್ತು. ಈಚೆಗೆ ಮಾರುಕಟ್ಟೆಯಲ್ಲಿ ಸಿಗುವ ಪಟಿಕ ಕಲಬೆರಕೆಯಂತೆ, ಇಲ್ಲಿ ಎಲ್ಲರೂ ಹೇಳುತ್ತಾರೆ. ಸ್ವಲ್ಪ ಕಡಿಮೆ ಹಾಕಿದರೆ ವಾಸಿ. ಹಾಳೆಗೆ ಸವರುವುದನ್ನೂ ಸದ್ಯಕ್ಕೆ ನಿಲ್ಲಿಸಿದರೆ ಆಗದೇ? ನಿನ್ನ ಕೈಗೂ ಒಳ್ಳೆಯದಲ್ಲ, ಚರ್ಮ ಒಣಗುತ್ತದೆ.

ಇಲ್ಲಿ ಎಲ್ಲ ಕ್ಷೇಮ.

ತಂಗಿ

*

11 ಮಾರ್ಚ್, ಮರುವರ್ಷ

ದಾಖಲೆ ಭವನದ ಪರೀಕ್ಷಕರಿಗೆ,

ನಮ್ಮ ವಾಚನಾಲಯದ ಮೇಡಂ ಹನ್ನೆರಡು ಸಂಪುಟಗಳನ್ನು ನಿಮ್ಮ ಕೋಣೆಗೆ ಕಳಿಸಿದ್ದರು. ತೆರೆದರೆ ಹಾಳೆ ಬುಡದಲ್ಲೇ ಮುರಿಯುತ್ತದೆ, ಏನು ಕಾರಣ ತಿಳಿಸಿ ಎಂದು ಕೇಳಿದ್ದರು. ನಿಮ್ಮ ವರದಿ ಬಂತು. ಅಂಗಡಿಗೇ ತಂದು ನನ್ನೆದುರು ಓದಿದರು. ವರದಿ ಬರೆದವರು ಯಾರು ಎಂದು ಅವರಿಗೆ ಪಾಪ ಗೊತ್ತಿಲ್ಲ, ನನಗೂ ತಿಳಿದಿರಲಿ ಎಂದು ತಂದಿದ್ದರು.

"ಹುಳದ ಕಾಟ ಇಲ್ಲ. ಹಾಳೆಗಳು ಬೆನ್ನಿನ ಕಡೆಯಿಂದ ಕಂದಿ ಪುಡಿಯಾಗುತ್ತಿವೆ. ಕಾರಣ, ಅಂಟಿನಲ್ಲಿ ಅತಿಯಾದ ಪಟಿಕ. ಹಾಳೆಗಳಿಗೂ ಪಟಿಕದ ನೀರು ಸವರಲಾಗಿದೆ. ಇದರ ಆಮ್ಲ ಕಾಗದವನ್ನು ತಿನ್ನುತ್ತಿದೆ. ಬೈಂಡರ್: ತಿಳಿದಿಲ್ಲ." ಕೆಳಗೆ ನಿನ್ನ ಸಹಿ.

ಪಟಿಕದ ಮಾತನ್ನು ನಾನು ತಡೆದುಕೊಂಡೆ. ಮೇಡಂ ಹೋದಮೇಲೆ ಅಂಗಡಿಯ ಬಾಗಿಲು ಎಳೆದು, ಒಳಗೆ ಕೂತು, ಇಪ್ಪತ್ತು ವರ್ಷದ ಕೆಲಸ ಒಂದೊಂದೇ ನೆನಪು ಮಾಡಿಕೊಂಡೆ. ಯಾರ ಮೇಲೂ ಕೋಪ ಬರಲಿಲ್ಲ. ಮೇಸ್ತ್ರಿ ಹಾಕಿದ್ದು ಚಿಟಿಕೆ. ಹಿಡಿ ಹಾಕಿದವನು ನಾನು. ಒಳ್ಳೆಯದನ್ನು ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಎಂದುಕೊಂಡ ಬುದ್ಧಿವಂತ.

ಆದರೆ ಬೈಂಡರ್ ತಿಳಿದಿಲ್ಲ ಎಂದು ಯಾವ ಕೈಯಲ್ಲಿ ಬರೆದೆ? ನನ್ನ ಹೊಲಿಗೆ ಎಡದಿಂದ ಬರುತ್ತದೆ. ಕೊನೆಯ ಗಂಟು ಯಾವ ಬೈಂಡರೂ ಹಾಕದ ಕಡೆ ಬೀಳುತ್ತದೆ. ಕಣ್ಣು ಕಟ್ಟಿ ಮುಟ್ಟಿಸಿದರೂ ನಿನಗೆ ಗೊತ್ತಾಗುತ್ತದೆ. ನನ್ನ ಮಾನ ಉಳಿಸಲು ಹಾಗೆ ಬರೆದಿರಬೇಕು ಎಂದಳು ನಿನ್ನ ಅತ್ತಿಗೆ. ತಪ್ಪು ಮಾಡಿದವನು ಎಂದು ಬರೆದಿದ್ದರೆ ನಾನು ನಿನ್ನ ಅಣ್ಣನಾಗಿಯೇ ಇರುತ್ತಿದ್ದೆ. ತಿಳಿದಿಲ್ಲ ಎಂದು ಬರೆದು ನನ್ನನ್ನು ಯಾರೂ ಅಲ್ಲದವನನ್ನಾಗಿ ಮಾಡಿದೆ.

ಆಮೇಲೆ ನಿನ್ನ ಹಳೇ ಕಾಗದಗಳನ್ನು ತೆಗೆದು ಓದಿದೆ. ಲಿಟ್ಮಸ್ ಕಾಗದ ಅದ್ದಿದರು ಎಂದು ಬರೆದಿದ್ದೀಯ. ಅದು ಏನಾಯಿತು ಎಂದು ಇವತ್ತಿನವರೆಗೂ ಬರೆದಿಲ್ಲ. ಕಲಬೆರಕೆ ಎಂದು ಬರೆದೆ. ಅದನ್ನು ನಂಬಿ ನಾನು ಮೂರು ಅಂಗಡಿ ತಿರುಗಿ ಶುದ್ಧವಾದ ಪಟಿಕ ಹುಡುಕಿ ತಂದೆ. ಗಾಜಿನ ಹಾಗಿತ್ತು. ಅದನ್ನೇ ಇಡೀ ವರ್ಷ ಹಾಕಿದೆ.

ತಿಳಿದಿಲ್ಲ ಎಂದಿರುವ ಕಡೆ ನನ್ನ ಹೆಸರು ಬರೆದು ಕಳಿಸು.

ಅಣ್ಣ

*

19 ಮಾರ್ಚ್

ಅಣ್ಣನಿಗೆ,

ಬರೆದಿದ್ದೇನೆ. ವರದಿಯ ತಿದ್ದಿದ ಪ್ರತಿ ವಾಚನಾಲಯಕ್ಕೆ ಹೋಗಿದೆ. ನಿನ್ನ ಹೆಸರು, ಅದರ ಮುಂದೆ "ಪರೀಕ್ಷಕಿಯ ಅಣ್ಣ" ಎಂದೂ ಇದೆ. ಹಾಗೆ ಬರೆಯುವ ಪದ್ಧತಿ ಇಲ್ಲ ಎಂದು ಇಲ್ಲಿನ ನಮ್ಮ ಮೇಡಂ ಹೇಳಿದರು. ನಾನು ಅಳಿಸಲಿಲ್ಲ, ಅವರೂ ಬಲವಂತ ಮಾಡಲಿಲ್ಲ.

ಆ ಲಿಟ್ಮಸ್ ಕಾಗದ ಕೆಂಪಾಯಿತು, ಅಣ್ಣ. ಅದ್ದಿದ ಕ್ಷಣವೇ ಆಯಿತು. ಮೇಡಂ ಏನೂ ಹೇಳುವ ಮೊದಲೇ ನನಗೆ ಎಲ್ಲ ಗೊತ್ತಾಯಿತು. ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ತೊಳೆದು ಬಂದೆ.

ಇನ್ನೊಂದನ್ನು ಹೇಳದೆ ಈ ಕಾಗದ ಮುಗಿಸಿದರೆ ಮತ್ತೆ ಅದೇ ತಪ್ಪು ಮಾಡಿದಂತೆ. ಮೂರು ವರ್ಷ ಲ್ಯಾಬಿನಲ್ಲಿ ನಾನು ನೀರಿಗೆ ಹಾಕಿ ಅಳೆಯುತ್ತಿದ್ದ ಆ ಉಪ್ಪು ಇದೆಯಲ್ಲ, ಅದೇ ಪಟಿಕ. ಬಾಟಲಿಯ ಮೇಲೆ ಅದಕ್ಕೆ ಉದ್ದನೆಯ ಹೆಸರಿತ್ತು, ನಾವು ಆ ಹೆಸರಿನಲ್ಲೇ ಕರೆಯುತ್ತಿದ್ದೆವು. ಅದು ನೀರನ್ನು ಹುಳಿ ಮಾಡುತ್ತದೆ ಎಂದು ನನ್ನಷ್ಟು ನಿಖರವಾಗಿ ಅಳೆದವರು ಕಡಿಮೆ. ರಜಕ್ಕೆ ಮನೆಗೆ ಬಂದಾಗ ನಿನ್ನ ಪಕ್ಕ ಕೂತು ಅದನ್ನೇ ಕುಟ್ಟಿ ಪುಡಿ ಮಾಡಿಕೊಟ್ಟಿದ್ದೇನೆ. ಒಂದು ದಿನವೂ ಎರಡೂ ಒಂದೇ ಎಂದು ಹೊಳೆಯಲಿಲ್ಲ. ಲ್ಯಾಬಿನದು ಲ್ಯಾಬಿಗೆ, ಮನೆಯದು ಮನೆಗೆ ಎಂದಾಗಿಹೋಗಿತ್ತು. ಗೈಡ್ ಹೇಳಿದಂತೆ ಇನ್ನೆರಡು ವರ್ಷ ಅಲ್ಲೇ ಇದ್ದಿದ್ದರೆ ಡಾಕ್ಟರೇಟ್ ಬರುತ್ತಿತ್ತು, ದರ್ಜಿಗೆ ನೀನು ಹೇಳಿದ್ದು ನಿಜವಾಗುತ್ತಿತ್ತು, ಇದು ಮಾತ್ರ ಯಾವತ್ತೂ ತಿಳಿಯುತ್ತಿರಲಿಲ್ಲ.

ಆದ್ದರಿಂದ ಈ ದಾರಿ ಹಿಡಿದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ, ತಡವಾಗಿ ಹಿಡಿದದ್ದಕ್ಕೆ ಇದೆ. ಹಿಡಿದಮೇಲೆ ಮಾಡಿದ್ದಕ್ಕಂತೂ ಇನ್ನೂ ಹೆಚ್ಚು. ಲ್ಯಾಬಿನವರಿಗೆ ಅಂಟು ಗೊತ್ತಿಲ್ಲ, ನಿನಗೆ ಆಮ್ಲ ಗೊತ್ತಿಲ್ಲ. ಎರಡೂ ಗೊತ್ತಿದ್ದವಳು ನಾನು, ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ. ಮೊದಲು ನೀನು ಮಾತಾಡಲಿ ಎಂದು ಕಾದೆ. ಎಡಬಿಡಂಗಿ ಅಂದಿದ್ದೆಯಲ್ಲ, ಅದರ ಸಿಟ್ಟೂ ಸ್ವಲ್ಪ ಇತ್ತು. ಆಮೇಲೆ ಸಿಟ್ಟು ಹೋಗಿ ಹೆದರಿಕೆ ಬಂತು. ನೀನು ಅಷ್ಟು ಹೆಮ್ಮೆಯಿಂದ ಮಾಡಿದ್ದು ಹೀಗಾಗಿದೆ ಎಂದು ನಿನಗೆ ಯಾವ ಬಾಯಲ್ಲಿ ಹೇಳಲಿ? ಹಾಗೆ ಯೋಚಿಸುತ್ತಾ ಒಂದೂವರೆ ವರ್ಷ ಕಳೆದೆ. ಅಷ್ಟರಲ್ಲಿ ನೀನು ಇನ್ನೂ ಎಷ್ಟು ಸಂಪುಟಕ್ಕೆ ಸವರಿದೆಯೋ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಹೊಲಿಗೆ ಬಿಚ್ಚಿ, ಹಳೇ ಅಂಟು ತೆಗೆದು, ಹಾಳೆಗಳನ್ನು ಸುಣ್ಣದ ತಿಳಿನೀರಿನಲ್ಲಿ ಅದ್ದಿ ಒಣಗಿಸಿದರೆ ಆಮ್ಲ ಇಳಿಯುತ್ತದೆ. ಇನ್ನೂ ಗಟ್ಟಿ ಇರುವ ಹಾಳೆಗಳು ಉಳಿಯುತ್ತವೆ. ಆದರೆ ಒಣಗಿದ್ದನ್ನು ಹಾಗೇ ಬಿಚ್ಚಬಾರದು, ಮೊದಲು ತೇವದ ಪೆಟ್ಟಿಗೆಯಲ್ಲಿಟ್ಟು ಮೆತ್ತಗೆ ಮಾಡಬೇಕು. ಅದಕ್ಕೊಂದು ಕ್ರಮ ಇದೆ, ಬರೆದು ತಿಳಿಸುವುದು ಕಷ್ಟ. ಪರೀಕ್ಷೆ ಮುಗಿಸಿ ಮೇ ತಿಂಗಳಲ್ಲಿ ಬರುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಯಾವುದನ್ನೂ ಮುಟ್ಟಬೇಡ.

ನಿನ್ನ
ತಂಗಿ

*

14 ಏಪ್ರಿಲ್

ತಂಗಿಗೆ,

ಮುಟ್ಟಬೇಡ ಅಂದಿದ್ದೆ. ಮುಟ್ಟಿದೆ.

ಮುನ್ನೂರು ಸಂಪುಟ ಹಾಳು ಮಾಡಿದವನು ಕೈ ಕಟ್ಟಿಕೊಂಡು ಮೇ ತಿಂಗಳವರೆಗೆ ಕೂರುವುದು ಹೇಗೆ? ನಲವತ್ತಮೂರು ವರ್ಷವಾಯಿತು ನನಗೆ, ಹೊಲಿದವನಿಗೆ ಬಿಚ್ಚಲು ಬರುವುದಿಲ್ಲವೇ ಎಂದುಕೊಂಡೆ. ಮೇಡಂ ಹತ್ತಿರ ಕೇಳಿ ಒಂದು ಸಂಪುಟ ಮನೆಗೆ ತಂದೆ. ಎಲ್ಲಕ್ಕಿಂತ ಮೊದಲು ಉಳಿಸಬೇಕು ಅನ್ನಿಸಿದ್ದನ್ನೇ ತಂದೆ.

ಅಪ್ಪ ಅಮ್ಮ ಹೋದ ವರ್ಷದ ಸಂಪುಟ. ಮೇಸ್ತ್ರಿಯ ಕೈಕೆಳಗೆ ನಾನೇ ಹೊಲಿದ ಮೊದಲನೆಯದು. ಆಮೇಲೆ ಮೂರು ಸಲ ಬಿಚ್ಚಿ ಹೊಸದಾಗಿ ಕಟ್ಟಿದ್ದೇನೆ, ಪ್ರತಿ ಸಲ ಹೆಚ್ಚು ಪಟಿಕ ಹಾಕಿ. ಅದಕ್ಕೆ ಏನೂ ಆಗಬಾರದು ಎಂದು. ಅದರಲ್ಲಿ ಅವರು ಹೋದ ಆ ಬಸ್ ಅಪಘಾತದ ಸುದ್ದಿ ಇತ್ತು. ಎಂಟು ಸಾಲು. ಕೊನೆಯ ಮೂರು ಸಾಲು ಅವರ ಬಗ್ಗೆ. ನಿನಗೆ ಯಾವತ್ತೂ ತೋರಿಸಿರಲಿಲ್ಲ, ಅಪ್ಪನ ಹೆಸರು ತಪ್ಪಾಗಿ ಅಚ್ಚಾಗಿತ್ತು. ನೀನು ಯಾಕೆ ಎಂದು ಕೇಳುತ್ತಿದ್ದೆ, ನಾನು ಏನು ಹೇಳಲಿ? ದೊಡ್ಡವಳಾದಮೇಲೆ ತೋರಿಸೋಣ ಎಂದುಕೊಂಡೆ. ದೊಡ್ಡವಳಾದಮೇಲೆ ನೀನು ಊರಲ್ಲಿರಲಿಲ್ಲ.

ಮಧ್ಯಾಹ್ನ ಕಿಟಕಿ ಪಕ್ಕ ಕೂತು ಬೆನ್ನಿನ ಬಟ್ಟೆ ಕತ್ತರಿಸಿದೆ. ದಾರ ಚೆನ್ನಾಗಿಯೇ ಬಂತು. ಹಾಳೆ ಎತ್ತಿದೆ. ಬಾಗಲಿಲ್ಲ, ಒಣ ಎಲೆಯ ಹಾಗೆ ಒಡೆಯಿತು. ನಿಲ್ಲಿಸಬೇಕಿತ್ತು. ಆ ಒಂದು ಹಾಳೆಯನ್ನಾದರೂ ಕೈಗೆ ತೆಗೆದುಕೊಳ್ಳೋಣ ಎಂದು ಹುಡುಕಿ ಹುಡುಕಿ ತಿರುವಿದೆ. ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದು ಎತ್ತಿದೆ. ನಿನ್ನ ಅತ್ತಿಗೆ ಅಡುಗೆಮನೆಯಿಂದ ಬಂದು, "ಅಯ್ಯೋ, ಉಸಿರಾಡ್ಬೇಡಿ, ಹಾರಿ ಹೋಗುತ್ತೆ" ಎಂದು ಸೀರೆಯ ಸೆರಗು ಹರಡಿ ಅದರಲ್ಲಿ ಹಿಡಿದುಕೊಂಡಳು.

ಉಳಿದ ಸಂಪುಟಗಳನ್ನು ಇನ್ನು ಮುಟ್ಟುವುದಿಲ್ಲ. ನೀನು ಬಂದು, ನಿನ್ನ ಕ್ರಮದಲ್ಲಿ ಬಿಚ್ಚು. ನನಗೂ ಕಲಿಸು, ತಂಗಿಯ ಹತ್ತಿರ ಕಲಿಯಲು ನಾಚಿಕೆಯಿಲ್ಲ. ನಿನ್ನಂಥವರು ಬೇಕು ಎಂದು ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಕೂತು ಕೇಳಿದ್ದನ್ನು ಹೊರಗೆ ಹೋಗಿ ತಿಳಿದುಕೊಂಡು ಬಂದವಳನ್ನು ಬೈದು ಕಳಿಸಿದೆ. ಆ ಕಾಗದ ಬರೆದ ದಿನವನ್ನು ವಾಪಸ್ ತರಲು ಆಗುವುದಿದ್ದರೆ ತರುತ್ತಿದ್ದೆ.

ಚೂರುಗಳನ್ನು ಎರಡು ಗಾಜಿನ ಮಧ್ಯೆ ಇಟ್ಟು, ಹತ್ತಿಯಲ್ಲಿ ಸುತ್ತಿ, ವಾಚನಾಲಯದ ಮೇಡಂ ಆ ಕಡೆ ಬರುವವರಿದ್ದರು, ಅವರ ಕೈಯಲ್ಲಿ ಕಳಿಸಿದ್ದೇನೆ. ಕೂಡಿಸಲು ಬರುತ್ತದೆಯೇ ನೋಡು. ಬರದಿದ್ದರೆ ಬರುವುದಿಲ್ಲ ಎಂದು ಬರೆ. ಕಲಬೆರಕೆ, ಗಿಲಬೆರಕೆ ಎಂದೆಲ್ಲ ಬರೆಯಬೇಡ. ತಡೆದುಕೊಳ್ಳುತ್ತೇನೆ.

ನಿನ್ನ
ಅಣ್ಣ

*

23 ಏಪ್ರಿಲ್

ಅಣ್ಣನಿಗೆ,

ವಾಚನಾಲಯದ ಮೇಡಂ ಬಂದು ಗಾಜು ಕೊಟ್ಟರು. ದಾರಿಯುದ್ದಕ್ಕೂ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದರಂತೆ.

ನಾಲ್ಕು ದಿನ ತರಗತಿಗೆ ಹೋಗದೆ ಇದರ ಮುಂದೆಯೇ ಕೂತಿದ್ದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ಚಿಮುಟದಿಂದ ಒಂದೊಂದು ಚೂರೂ ತಿರುಗಿಸಿ ನೋಡಿದೆ. ನಮ್ಮ ಮೇಡಂ ಕೂಡ ತಮ್ಮ ಕೆಲಸ ಬಿಟ್ಟು ಎರಡು ಮಧ್ಯಾಹ್ನ ನನ್ನ ಪಕ್ಕ ಕೂತರು. ಬಸ್ಸು ಎಲ್ಲಿಂದ ಹೊರಟಿತ್ತು ಎಂಬ ಸಾಲು ಪೂರ್ತಿ ಸಿಕ್ಕಿತು. ಎಷ್ಟು ಗಂಟೆಗೆ ಎಂಬುದೂ ಸಿಕ್ಕಿತು. ಕೊನೆಯ ಮೂರು ಸಾಲು ಪಕ್ಕದ ಕಾಲಂಗೆ ಸರಿದು ಹಾಳೆಯ ಬುಡದಲ್ಲಿ, ಬೆನ್ನಿಗೆ ಅಂಟಿಕೊಂಡಿದ್ದ ಕಡೆ ಇತ್ತಲ್ಲ, ಅಲ್ಲಿ ಇರುವುದು ಕಂದು ಪುಡಿ ಮಾತ್ರ. ಅಪ್ಪನ ಹೆಸರು ಹೇಗೆ ತಪ್ಪಾಗಿತ್ತು ಎಂದು ನಾನಿನ್ನು ನಿನ್ನ ಬಾಯಿಂದಲೇ ಕೇಳಬೇಕು.

ಪರೀಕ್ಷೆಯನ್ನು ಮುಂದಿನ ಸಲ ಬರೆಯುತ್ತೇನೆ. ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ. ಕೂಡಿಸಲು ಬರುವುದಿಲ್ಲ ಅಣ್ಣ. ನನ್ನಿಂದಲೂ ಬರುವುದಿಲ್ಲ, ಯಾರಿಂದಲೂ ಬರುವುದಿಲ್ಲ.

ನಿನ್ನ
ತಂಗಿ